ಅಜ್ಜನ ಕಂಬಕ್ಕೆ ಒರಗಿದವಳು

ಸವಾಯಿ, ಸಮೋವಾ
ಆಗಸ್ಟ್ ೧೧, ಭಾನುವಾರ

ಪ್ರೀತಿಯ ಮಗಳು ರೆಪೆಕಾಳಿಗೆ,

ಆಕ್ಲೆಂಡಿನ ಚಳಿ ಹೇಗಿದೆ? ಕಾಲುಚೀಲ ಹಾಕಿಕೊಳ್ಳುತ್ತೀಯೋ ಇಲ್ಲವೋ? ಫೋನಿನಲ್ಲಿ "ಆರಾಮಾಗಿದ್ದೀನಿ ಅಪ್ಪಾ" ಎಂದು ನೀನು ಅಷ್ಟು ಬೇಗ ಹೇಳಿ ಮುಗಿಸುವುದೇ ನನಗೆ ಅನುಮಾನ. ಗೋಡೆಯಿಲ್ಲದ ನಮ್ಮ ಮನೆಯಲ್ಲಿ ಫೋನು ಹಿಡಿದರೆ ಎಲ್ಲರಿಗೂ ಕೇಳಿಸುತ್ತದೆ, ಅದಕ್ಕೇ ಈ ಪತ್ರ. ನಾಳೆ ಅಲ್ಲಿಗೆ ಹೊರಟಿರುವ ಪಾದ್ರಿಯ ಹೆಂಡತಿಯ ಕೈಯಲ್ಲಿ ಕೊಡುತ್ತಿದ್ದೇನೆ. ಯಾರೂ ಬಿಚ್ಚಿ ಓದದಂತೆ ಲಕೋಟೆಗೆ ದೀವಿಹಲಸಿನ ಅಂಟು ಹಚ್ಚಿದ್ದೇನೆ. ಅಂಚು ಹರಿದಿದ್ದರೆ ತಿಳಿಸು.

ವಿಷಯ ನಿನ್ನ ಮಗಳು ಮಸಿನಾಳದು. ಈಸ್ಟರ್ ಕಳೆದ ಮೇಲೆ ಅವಳ ನಡತೆ ನನಗೆ ಸರಿಕಾಣಲಿಲ್ಲ. ಹದಿನಾಲ್ಕರ ಹುಡುಗಿ, ತೋಟದಿಂದ ಎರಡು ಗೆಡ್ಡೆ ತರುವಷ್ಟರಲ್ಲಿ ದಾರಿಯುದ್ದಕ್ಕೂ ಕೂರುತ್ತಾಳೆ. ಚರ್ಚಿನಲ್ಲಿ ಹಾಡದೆ ಬರೀ ತುಟಿ ಆಡಿಸುತ್ತಾಳೆ. ಮೈಗಳ್ಳತನ ಎಂದುಕೊಂಡೆ. ಆಮೇಲೆ ನೋಡಿದರೆ, ಎಲ್ಲರೂ ಚಾಪೆಯ ಮೇಲೆ ಮಲಗಿದರೂ ಇವಳು ಕುಳಿತೇ ಇರುತ್ತಾಳೆ. ಅದೂ ಎಲ್ಲಿ? ನನ್ನ ಕಂಬಕ್ಕೆ ಒರಗಿ! ಯಜಮಾನರ ಸಭೆಯಲ್ಲಿ ನಾನು ಬೆನ್ನು ಕೊಡುವ ಕಂಬ; ನಿನ್ನ ಅಣ್ಣಂದಿರು ಇವತ್ತಿಗೂ ಅದಕ್ಕೆ ಒರಗಿಲ್ಲ. "ಏನೇ, ನೀನೇನು ಈ ಮನೆ ಯಜಮಾನಿನಾ? ಏಳು, ಹೋಗಿ ಮಲಕ್ಕೋ" ಎಂದು ಗದರಿದೆ. "ಮಲಗಿದ್ರೆ ಉಸಿರು ಕಟ್ಟುತ್ತೆ ತಾತ" ಅಂದಳು. ನಾನು ನಂಬಿದೆನೇ? ಯಾವನೋ ಬರುತ್ತಾನೆಂದು ಕಾಯುತ್ತಿದ್ದಾಳೆ ಎಂದು ಬಡಗಿ ಇಯೋನಾನ ಮಗನ ಮೇಲೆ ಕಣ್ಣಿಟ್ಟೆ. ಆ ಪಾಪದವನು ಈಗ ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ.

ಕೊನೆಗೆ ಅವಳ ಪಾದ ಊದಿಕೊಂಡಿತು. ಆಸ್ಪತ್ರೆಯಲ್ಲಿ ಒಬ್ಬ ಎಳೆಯ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ, ಆಮೇಲೆ ಯಂತ್ರದ ಪರದೆಯಲ್ಲಿ ಹೃದಯವನ್ನೇ ತೋರಿಸಿದಳು. ಒಳಗಿನ ಒಂದು ಕವಾಟ ಗಾಯವಾಗಿ, ಮುದುಡಿ, ಸರಿಯಾಗಿ ಮುಚ್ಚುತ್ತಿಲ್ಲವಂತೆ. ಮುಂದೆ ಹೋಗಬೇಕಾದ ರಕ್ತ ಹಿಂದಕ್ಕೆ ಸೋರುತ್ತದಂತೆ. ಎಂಟು ವರ್ಷದವಳಿದ್ದಾಗ ಗಂಟಲು ನೋವು, ಜ್ವರ ಬಂದು, ಆಮೇಲೆ ಮಂಡಿ ಊದಿ, ನಾವು ಎಣ್ಣೆ ಹಚ್ಚಿ ತಿಕ್ಕಿದ್ದು ನಿನಗೆ ನೆನಪಿದೆಯಲ್ಲ? ಮಂಡಿಯ ನೋವು ಹೋಯಿತು. ಆ ಜ್ವರ ಹೃದಯವನ್ನು ಕಚ್ಚಿ ಹೋಗಿತ್ತು. ನನಗೆ ಯಂತ್ರದ ಮೇಲೇ ಅನುಮಾನ. "ಮೊದ್ಲು ನನ್ನೆದೆ ಮೇಲಿಟ್ಟು ತೋರ್ಸಮ್ಮ" ಅಂದೆ. ನಗುತ್ತಾ ಇಟ್ಟಳು. ಈ ಮುದುಕನ ಕವಾಟಗಳು ಒಂದೂ ತಪ್ಪದೆ ತೆರೆದು ಮುಚ್ಚುತ್ತಿದ್ದವು. ರೆಪೆಕಾ, ಅದನ್ನು ನೋಡಿ ನನಗೆ ಎಷ್ಟು ಸಿಟ್ಟು ಬಂತೆಂದರೆ, ಅಲ್ಲೇ ಅತ್ತುಬಿಟ್ಟೆ.

ಈಗ ಮೈಯ ನೀರು ಇಳಿಸುವ ಮಾತ್ರೆ ಕೊಟ್ಟಿದ್ದಾರೆ. ಆ ಜ್ವರ ಮರಳದಂತೆ ತಿಂಗಳಿಗೊಂದು ಸೂಜಿ, ವರ್ಷಾನುಗಟ್ಟಲೆ. ಸೂಜಿ ಚುಚ್ಚುವಾಗ ಪಕ್ಕದಲ್ಲೇ ನಿಂತು ಔಷಧಿಯ ಬಾಟಲಿ ನೋಡುತ್ತೇನೆ. ನರ್ಸಿಗೆ ನನ್ನನ್ನು ಕಂಡರಾಗದು.

ದೇವರು ನಿನ್ನನ್ನು ಕಾಯಲಿ. ಮನೆಯವರೆಲ್ಲ ನಿನ್ನನ್ನು ಕೇಳಿದ್ದಾರೆ.

ನಿನ್ನ ಅಪ್ಪ,
ಪೆನಿಯಾಮಿನಾ

ಮರೆತಿದ್ದೆ: ಮಾತ್ರೆಯಷ್ಟೇ ಸಾಲದು. ಕವಾಟ ಸರಿಪಡಿಸದಿದ್ದರೆ ಹೃದಯ ಸೋತುಹೋಗುತ್ತದಂತೆ. ಅದಕ್ಕೆ ಶುಕ್ರವಾರದ ವಿಮಾನದಲ್ಲಿ ಮಸಿನಾಳನ್ನು ನರ್ಸಿನ ಜೊತೆ ನಿನ್ನಲ್ಲಿಗೇ ಕಳಿಸುತ್ತಿದ್ದಾರೆ. ಎದೆ ತೆರೆದು ಮಾಡುವ ಆಪರೇಷನ್. ಅವಳಿಗೆ ಪೂರ್ತಿ ಹೇಳಿಲ್ಲ, ನೀನೇ ಹೇಳು. ನಿನ್ನೆಯ ಸಭೆಯಲ್ಲಿ ಅವಳು ನನ್ನ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದಳು. ನಾನು ಹೋಗಿ ಹುಡುಗರು ಕೂರುವ ಅಂಚಿನಲ್ಲಿ ಕುಳಿತೆ. ಕೆಲಸಕ್ಕೆ ರಜೆ ಹಾಕು. ಅಲ್ಲಿ ಅವಳಿಗೆ ಒರಗಲು ಕಂಬವಿಲ್ಲ. ನೀನು ಅವಳ ಬೆನ್ನ ಹಿಂದೆ ಕೂರು.