ಅಲಾಯಿ ಮನೆಗೆ ಕಾಲಮಿಲ್ಲ

ಸುರಪುರ
19 ಆಗಸ್ಟ್ 1957

ಚಿ. ಸೌ. ಗುರುಲಿಂಗಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಎರಡೂ ಕಾಗದಗಳು ಬಂದಿವೆ. ಉತ್ತರ ತಡವಾಯಿತು. ಶಾಲೆಯಲ್ಲಿ ಪರೀಕ್ಷೆಯಿತ್ತು ಎಂದು ಬರೆಯಬಹುದಿತ್ತು, ಆದರೆ ಅದು ಮುಗಿದು ಹತ್ತು ದಿನವಾಯಿತು. ಪೆನ್ನು ಹಿಡಿದಾಗಲೆಲ್ಲ ನೀನು ಕೇಳಿದ್ದೇ ಎದುರಿಗೆ ಬರುತ್ತಿತ್ತು: "ಅಕ್ಕಾ, ನನ್ನ ಸಕ್ಕರಿ ಓದಿಸಿದೇನು?"

ಓದಿಸಲಿಲ್ಲ. ಸೊಲ್ಲಾಪುರಕ್ಕೆ ಸೊಸೆಯಾಗಿ ಹೋದ ಮೇಲೂ ಪ್ರತಿ ಮೊಹರಮ್ಮಿಗೆ ತಪ್ಪದೆ ಅಲಾಯಿ ದೇವರ ಮುಂದೆ ಫಾತೇಹಾ ಓದಿಸಲು ಸಕ್ಕರೆ ಕಳಿಸುವವಳು ನೀನು. ಹುಟ್ಟಿದಾಗ ಅಳದೇ ಇದ್ದ ನಿನ್ನನ್ನು ಅವ್ವ ನಮ್ಮ ಓಣಿಯ ಅಲಾಯಿ ಮನೆಯ ಹೊಸ್ತಿಲ ಮೇಲೆ ಮಲಗಿಸಿ ಹರಕೆ ಹೊತ್ತಿದ್ದಳು. ಗುರುಲಿಂಗಮ್ಮ ಎಂಬುದು ಲಗ್ನಪತ್ರಿಕೆಯ ಹೆಸರು. ನಮಗೆಲ್ಲ ನೀನು ಫಕೀರವ್ವನೇ. ಆ ಹೊಸ್ತಿಲಿಗೆ ಈಗ ಬೀಗ ಬಿದ್ದಿದೆ.

ನಡೆದದ್ದು ಹೀಗೆ. ರಾಜ್ಯ ಒಂದಾದ ಮೇಲೆ ಎಲ್ಲವನ್ನೂ ಹೊಸದಾಗಿ ಎಣಿಸುವ ಹುಚ್ಚು ಹತ್ತಿದೆ. ಏಪ್ರಿಲಿನಲ್ಲಿ ಮೈಸೂರು ಕಡೆಯ ಒಬ್ಬ ಸಾಹೇಬರು ಊರಿನ ಪೂಜಾಸ್ಥಳಗಳ ಪಟ್ಟಿ ಮಾಡಲು ಬಂದರು. ಇಂಗ್ಲಿಷ್ ಬಲ್ಲ ಶಾಲೆಯ ಬಾಯೋರು ಎಂದು ಯಾರೋ ನನ್ನ ಹೆಸರು ಹೇಳಿದ್ದಾರೆ, ನೇರ ಶಾಲೆಗೇ ಬಂದರು. ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೂತರು. ನಮ್ಮ ಜಿಲ್ಲೆಯ ಧೂಳೆಲ್ಲ ಅದೇ ಕುರ್ಚಿಯ ಮೇಲಿತ್ತೆಂದು ಕಾಣುತ್ತದೆ. ಅವರ ಕಾಗದದಲ್ಲಿ ಮೂರು ಕಾಲಮು: ದೇವಸ್ಥಾನ, ಮಸೀದಿ, ಚರ್ಚು. ದೇವರು ಈ ಮೂರರಲ್ಲಿ ಒಂದನ್ನು ಆರಿಸಿಕೊಂಡು ಕೂರಬೇಕು.

ಅಲಾಯಿ ಮನೆಯ ಸರದಿ ಬಂತು. ನಾನು ತಿಳಿಸಿ ಹೇಳಿದೆ: ವರ್ಷವಿಡೀ ಪೆಟ್ಟಿಗೆಯಲ್ಲಿರುವ ಬೆಳ್ಳಿಯ ಹಸ್ತಗಳನ್ನು ಮೊಹರಮ್ಮಿನಲ್ಲಿ ತೆಗೆದು ನಿಲ್ಲಿಸುತ್ತಾರೆ, ಅವನ್ನು ನೋಡಿಕೊಳ್ಳುವ ಖುರ್ಷೀದಬೇಗಂ ಊದಿನ ಹೊಗೆ ಹಾಕಿ ಫಾತೇಹಾ ಓದುತ್ತಾಳೆ, ಸಕ್ಕರೆ ತರುವವರು ಹತ್ತರಲ್ಲಿ ಎಂಟು ಮಂದಿ ನಮ್ಮವರೇ.

"ಸರಿ, ಅದನ್ನು ಏನೆಂದು ಬರೆಯೋಣ?"

"ಅಲಾಯಿ ಮನೆ ಎಂದು ಬರೆಯಿರಿ. ನಿಜಾಮರ ದಫ್ತರಿನಲ್ಲೂ ಅದಕ್ಕೆ ಆಶೂರಖಾನಾ ಎಂದು ಬೇರೆ ಹೆಸರಿತ್ತು."

"ಮನೆ ಎಂದರೆ ಮನೆಯ ಕಂದಾಯ ಹಾಕಬೇಕಾಗುತ್ತದಲ್ಲ ಮೇಡಂ! ಇನ್ನು ನಿಜಾಮರ ದಫ್ತರು..." ಎಂದು ನಕ್ಕರು. ಆ ನಗುವಿನಲ್ಲಿ ನಮ್ಮ ಇನ್ನೂರು ವರ್ಷ ಮುಗಿದುಹೋದವು. ಕೊನೆಗೆ ಅಲಾಯಿ ಮನೆ ದೇವಸ್ಥಾನದ ಕಾಲಮಿಗೆ ಹೋಯಿತು.

ದೇವಸ್ಥಾನ ಎಂದಾದ ಮೇಲೆ ಸಮಿತಿ ಬೇಕು, ಸಮಿತಿಗೊಬ್ಬ ಅಧ್ಯಕ್ಷ ಬೇಕು. ನಮ್ಮ ಎದುರುಮನೆಯ ಭಗವಂತರಾಯನೇ ಅಧ್ಯಕ್ಷ. ಹೌದು, ಅವನೇ. ಮೊಹರಮ್ಮಿನ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಮೂವತ್ತು ವರ್ಷ ಹೆಜ್ಜೆ ಹಾಕಿ, ಸಿಹಿ ಚೊಂಗೆ ಹಂಚುವಾಗ ಎರಡು ಸಲ ಸಾಲಿನಲ್ಲಿ ನಿಲ್ಲುತ್ತಿದ್ದವನು. ಈಗ ಬಿಳಿ ಗಾಂಧಿ ಟೊಪ್ಪಿಗೆ ಹಾಕಿದ್ದಾನೆ. ಟೊಪ್ಪಿಗೆಯ ಕೆಳಗಿರುವುದು ಮಾತ್ರ ಹಳೆಯದೇ. ಮೊದಲ ಕೆಲಸವೆಂದು ಬೀಗ ತಂದು ಹಾಕಿದ. ಹಸ್ತಗಳ ಪೆಟ್ಟಿಗೆ ಒಳಗೇ ಉಳಿಯಿತು.

ಮೊಹರಮ್ಮಿನ ಚಂದ್ರ ಕಂಡ ಮರುದಿನ ಖುರ್ಷೀದಬೇಗಂ ನನ್ನ ಬಳಿ ಬಂದಳು. ಸನ್ ನಲವತ್ತೆಂಟರಲ್ಲಿ, ಪೊಲೀಸ್ ಕಾರ್ಯಾಚರಣೆಯ ಗಲಭೆಯಲ್ಲಿ ಗಂಡನನ್ನು ಕಳೆದುಕೊಂಡ ಮೇಲೆ ಅವಳಿಗಿರುವುದು ಒಬ್ಬ ಮೊಮ್ಮಗಳು ಮತ್ತು ಆ ಪೆಟ್ಟಿಗೆ. "ಬಾಯೋರ, ನನಗ ಮನಿ ಬ್ಯಾಡ. ಹತ್ತು ದಿನ ಬಾಗಲಾ ತಗೀಲಿ, ದೇವ್ರನ್ನ ನಿಲ್ಲಸ್ತೀನಿ, ಮತ್ತ ಪೆಟಗಿಯಾಗ ಇಡ್ತೀನಿ. ನೀವು ಒಂದು ಮಾತು ಹೇಳ್ರಿ" ಎಂದಳು. ಇಬ್ಬರೂ ಹೋದೆವು. ನಮ್ಮ ಓಣಿಯ ಹಂಪಮ್ಮ ಅಜ್ಜಿ ಕರೆಯದೆಯೇ ಹಿಂದೆ ಬಂದಳು.

ಭಗವಂತರಾಯ ಕಟ್ಟೆಯಿಂದ ಏಳಲಿಲ್ಲ. "ನನ್ನ ಕೈಯಾಗ ಏನೈತ್ರಿ ಬಾಯೋರ? ಕಾಗದದಾಗ ದೇವಸ್ಥಾನ ಅಂತ ಅದ. ದೇವಸ್ಥಾನದಾಗ ಇವ್ರ ಕೆಲಸೇನ್ರಿ?"

"ಏ ಭಗವಂತಾ," ಎಂದಳು ಹಂಪಮ್ಮ, "ಐದು ವರ್ಷ ಆದ್ರೂ ನಿನಗ ಮಾತು ಬಂದಿರಲಿಲ್ಲ. ನಿಮ್ಮವ್ವ ಇದೇ ಅಲಾಯಿ ಮನಿ ಬಾಗಲ ಮುಂದ ಉಳ್ಳಾಡಿ ಅತ್ತಾಳ. ನಿನ್ನ ಕೊಳ್ಳಾಗ ಫಕೀರನ ಲಾಡಿ ಕಟ್ಟಿದಾಕಿ ನಾನs. ಮೂಕ ಇದ್ದಾಗs ಚಲೋ ಇದ್ದಿ."

"ಆವಾಗ ತಿಳವಳಿಕಿ ಇರಲಿಲ್ಲಬೇ."

"ಈಗ ಬಂತೇನು, ಕೀಲಿ ಜೋಡಿ?"

ಕಟ್ಟೆಯ ಮೇಲಿದ್ದವರು ನಕ್ಕರು. ಅವನೂ ನಕ್ಕ. ಬೀಗ ಮಾತ್ರ ತೆಗೆಯಲಿಲ್ಲ. ನಗುತ್ತಲೇ ಇಂಥದ್ದನ್ನು ಮಾಡಬಲ್ಲವರನ್ನು ನಾನು ಮನುಷ್ಯರ ಯಾವ ಕಾಲಮಿಗೆ ಹಾಕಲಿ?

ಹತ್ತನೆಯ ದಿನ ಕುಣಿಯಲ್ಲಿ ಬೆಂಕಿ ಬೀಳಲಿಲ್ಲ. ಖುರ್ಷೀದಬೇಗಂ ಬೀಗದ ಮುಂದಿನ ಮೆಟ್ಟಿಲ ಮೇಲೆ ಕೂತು ಊದು ಹಾಕಿದಳು. ಮೊದಲು ಹಂಪಮ್ಮ ಸಕ್ಕರೆ ಒಯ್ದಳು, ಆಮೇಲೆ ಓಣಿಯ ಬಾಲಮ್ಮ, ಆಮೇಲೆ ಸೆರಗು ಮುಂದೆಳೆದುಕೊಂಡು ಭಗವಂತರಾಯನ ಹೆಂಡತಿ. ನಾನು ನಿನ್ನ ಪೊಟ್ಟಣ ಕೈಯಲ್ಲಿ ಹಿಡಿದು ಬಾಗಿಲ ತನಕ ಬಂದೆ, ಓಣಿಗೆ ಇಳಿಯಲಿಲ್ಲ. ಪೊಟ್ಟಣ ಕಪಾಟಿನಲ್ಲಿದೆ.

ಮಕ್ಕಳ ಕೆಮ್ಮು ಕಡಿಮೆಯಾಯಿತೇ? ಚಿಕ್ಕವಳಿಗೆ ಮೈಮೇಲೆ ದಪ್ಪ ಅರಿವೆ ಹಾಕು. ನಿನ್ನ ಮನೆಯವರಿಗೆ ನಮಸ್ಕಾರ ತಿಳಿಸು. ನಿಮ್ಮ ಹೊಸ್ತಿಲು ಎಂದೂ ತೆರೆದೇ ಇರಲಿ, ಒಳಗಿನವರು ಸುಖವಾಗಿರಲಿ.

ನಿನ್ನ ಅಕ್ಕ,
ಮಲ್ಲಿಕಮ್ಮ

ತಾ. ಕ.: ಅಲಾಯಿ ಮನೆ ದೇವಸ್ಥಾನದ ಕಾಲಮಿಗೆ "ಹೋಯಿತು" ಎಂದು ಮೇಲೆ ಬರೆದಿದ್ದೇನೆ. ಅದು ತಾನಾಗಿ ಹೋಗಲಿಲ್ಲ. "ನಿಮ್ಮ ಅಕ್ಷರ ಅಚ್ಚು ಹಾಕಿದ ಹಾಗಿದೆ, ಪಟ್ಟಿಯನ್ನು ನೀವೇ ಬರೆದುಕೊಡಿ" ಎಂದು ಸಾಹೇಬರು ಕಾಗದ ಸರಿಸಿದರು. ಬರೆದೆ. ನಲವತ್ತೆಂಟರಲ್ಲಿ ಮಸೀದಿ ಎಂಬ ಹೆಸರಿಗೆ ಏನಾಯಿತೆಂದು ಕಂಡವಳು ನಾನು, ಆ ಮನೆ ಉಳಿಯಲಿ ಎಂದೇ ಹಾಗೆ ಬರೆದೆ ಎಂದುಕೊಂಡಿದ್ದೆ. ಈಗ ಕೇಳಿಕೊಂಡರೆ, ಹೊಗಳಿಕೆಯೇ ಹೆಚ್ಚು ಕೆಲಸ ಮಾಡಿತೇನೋ ಅನಿಸುತ್ತದೆ. ಭಗವಂತರಾಯ ಬೀಗ ಹಾಕಿದ. ಬೀಗ ಮಾಡಿಕೊಟ್ಟವಳು ನಾನು.

ಆ ದಿನ ಅವನ ಕಟ್ಟೆಯ ಮೇಲೆ ಖುರ್ಷೀದಬೇಗಂ ಅವನ ಹತ್ತಿರವಿದ್ದ ಆ ಕಾಗದದ ನಕಲನ್ನು (ಅದನ್ನೂ ಅಂದು ನಾನೇ ಬರೆದಿದ್ದೆ) ಕೈಗೆ ತೆಗೆದುಕೊಂಡು ನನ್ನಿಂದ ಓದಿಸಿದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ನನ್ನ ಕೈಬರಹವನ್ನು ನಾನೇ ಓದಿದೆ. ಅವಳು ಬಹಳ ಹೊತ್ತು ನೋಡಿ, "ಅಕ್ಷರ ಭಾಳ ಚೆಂದ ಅದಾವ್ರಿ ಬಾಯೋರ. ಯಾರು ಬರದಾರ?" ಎಂದಳು. "ಆಫೀಸಿನವರು" ಎಂದೆ. "ನಮ್ಮ ಹುಡುಗಿಗೂ ಹಿಂಗs ಬರಿಯಾಕ ಕಲಸ್ರಿ" ಎಂದು ಕಾಗದ ಮಡಚಿ ಕೊಟ್ಟಳು.

ಅವಳ ಮೊಮ್ಮಗಳು ನನ್ನ ತರಗತಿಯಲ್ಲೇ ಇದ್ದಾಳೆ. ಎಲ್ಲ ಹುಡುಗಿಯರ ಕಾಪಿ ಪುಸ್ತಕದಲ್ಲೂ ಮೇಲಿನ ಸಾಲನ್ನು ನಾನೇ ಬರೆದುಕೊಡುತ್ತೇನೆ. ಆ ಹುಡುಗಿಯ ಕಾಪಿ ದಿನಾ ಸಂಜೆ ಖುರ್ಷೀದಬೇಗಂ ಮನೆಗೆ ಹೋಗುತ್ತದೆ.