ಎಡಮಗ್ಗುಲಿನ ನೆಗ್ಗು

ಯಾದಗಿರಿ
೯ ನವೆಂಬರ್ ೨೦೨೪

ಪ್ರೀತಿಯ ಗುಡ್ಡಿ,

ಮಗಳಿಗೆ ಹೆಸರಿಟ್ಟಿರೆಂದು ಶಹಾಪುರದಿಂದ ಮಲ್ಲೇಶ್ವರಿ ಅತ್ತೆ ಹೇಳಿದಳು. ಇಷ್ಟು ವರ್ಷದಲ್ಲಿ ನಿಮ್ಮ ಮನೆಯ ಸುದ್ದಿಯೊಂದು ನನಗೆ ಬೇರೆಯವರ ಬಾಯಿಂದ ತಿಳಿದದ್ದು ಇದೇ ಮೊದಲು. ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಬರೆಯಲು ಕುಳಿತೆ. ಕಾಗದವಾದರೆ ನಡುವೆ ಕಟ್ ಮಾಡಲು ಬರುವುದಿಲ್ಲ. ಸಿಟ್ಟಿಗೆದ್ದು ಹರಿದುಹಾಕಿದರೂ ಅಷ್ಟರಲ್ಲಿ ನಾಲ್ಕು ಸಾಲು ನಿನ್ನ ಕಣ್ಣಿಗೆ ಬಿದ್ದಿರುತ್ತವೆ.

"ಅಮ್ಮಿ ಫೋಟೋ ನೋಡ್ಯಾಳ" ಎಂದಷ್ಟೇ ನೀನು ಮೆಸೇಜು ಕಳಿಸಿದ್ದೆ. ಅದನ್ನು ಓದಿದಾಗಿನಿಂದ ಕೆಲಸಕ್ಕೆ ಕೈ ಬರುತ್ತಿಲ್ಲ. ನಡೆದದ್ದನ್ನೆಲ್ಲ ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆದರೆ ಬೇಸರಪಟ್ಟುಕೊಳ್ಳಬೇಡ.

ನಿನ್ನ ತಮ್ಮ ಅಸದ ಹೋದ ಮೇಲೆ ಅವನ ಹಳೇ ಫಿಯೆಟ್ ನಿಮ್ಮ ಗ್ಯಾರೇಜಿನ ಮೂಲೆಯಲ್ಲಿ ತಾಡಪತ್ರಿ ಹೊದ್ದು ನಿಂತುಬಿಟ್ಟಿತ್ತು. ಬದುಕಿದ್ದಾಗ ಅವನು ಆ ಗಾಡಿಯ ಹಿಂದಿನ ಸೀಟು ಕಿತ್ತು, ಒಳಗೆ ಕಬ್ಬಿಣದ ಪಂಜರ ಕೂಡಿಸಿ, ಹಸಿರು ಬಣ್ಣ ಬಳಿದು, ಕೊಲ್ಹಾಪುರದ ಕಡೆ ನಡೆಯುವ ಮಣ್ಣಿನ ಹಾದಿಯ ಓಟಗಳಿಗೆ ಒಯ್ಯುತ್ತಿದ್ದ. ಅಲ್ಲಿ ಒಂದು ಗೀರೂ ಆಗದೆ ಮರಳುತ್ತಿದ್ದವನಿಗೆ ನಮ್ಮ ಸುರಪುರದ ರಸ್ತೆಯಲ್ಲಿ, ಹಾಡಹಗಲು, ಹತ್ತಿ ಹೇರಿಕೊಂಡು ನಿಂತ ಟ್ರ್ಯಾಕ್ಟರು ಅಡ್ಡವಾಯಿತು. ಟ್ರೇಲರಿನ ಮೂಲೆ ಬಡಿದು ಗಾಡಿಯ ಎಡಮಗ್ಗುಲು ಒಳಗೆ ಹೋಯಿತು. ಆಮೇಲೆ ಗಾಡಿ ಹೊಲಕ್ಕುರುಳಿತು.

ವಹಾಬ ಚಾಚಾ ಮಗನ ಗಾಡಿಯನ್ನು ಗುಜರಿಗೆ ಹಾಕುತ್ತೇನೆಂದರು, ಮುನ್ನಿ ಚಾಚಿ ಬಿಡಲಿಲ್ಲ. ಹೋದ ವರ್ಷ ನಾನು ಕೇಳಿದೆ. ನನ್ನ ಕೆಲಸ ನಿನಗೆ ಗೊತ್ತು. ಸುರಪುರದಲ್ಲಿ ಅಪ್ಪ ಕಲ್ಲಿನಲ್ಲಿ ದೇವರನ್ನು ಕೆತ್ತಿದರೆ ನಾನು ತಗಡಿನಲ್ಲಿ ಕಾರು ಮಾಡುವವಳು. ಅವು ಓಡುವ ಕಾರುಗಳಲ್ಲ, ಓಟವೇ ಒಂದು ಕಡೆ ನಿಂತಂತೆ ಕಾಣಬೇಕಾದ ಶಿಲ್ಪಗಳು. ಬಹಳ ಹಿಂದಿನ ರೇಸ್ ಕಾರುಗಳಿಗೆ ಮೂತಿ ದುಂಡಗೆ, ಬಾಲ ಹನಿಯ ಹಾಗೆ ಚೂಪಾಗಿ ಇರುತ್ತಿತ್ತು. ಅಸದನ ಗಾಡಿಯ ಬಾನೆಟ್ಟು, ಬಾಗಿಲು, ಮಡ್‌ಗಾರ್ಡುಗಳಿಂದ ಅಂಥದೊಂದನ್ನು ಅವನ ನೆನಪಿಗಾಗಿ ಮಾಡುತ್ತೇನೆ ಎಂದೆ.

ಚಾಚಿ, "ಒಯ್ಯಿ ಬೇಟಿ. ಆದ್ರ ಆ ಪೆಟ್ಟು ಯಾರ ಕಣ್ಣಿಗೂ ಬೀಳಬಾರ್ದು ನೋಡು. ನೋಡಿದವ್ರಿಗೆ ನನ್ನ ಮಗ ಓಡೂದು ಕಾಣಬೇಕು, ಸತ್ತದ್ದಲ್ಲ" ಎಂದರು.

ಬಡಿದು ಸಮ ಮಾಡುತ್ತೇನೆ ಎಂದು ಅವರ ಕೈ ಹಿಡಿದು ಹೇಳಿದೆ. ಚಾಚಾ ತಾವೇ ಆ ಕೆಲಸ ಮಾಡಲು ಒಮ್ಮೆ ಯಾದಗಿರಿಗೆ ಬಂದಿದ್ದರು. ಸುತ್ತಿಗೆ ಹಿಡಿದು ಆ ನೆಗ್ಗಿನ ಮುಂದೆ ಕುಂತರು, ಎದ್ದರು. "ನನ್ನ ಕೈಲೆ ಆಗೂದಿಲ್ಲವ್ವ, ನೀನೇ ಮಾಡು" ಎಂದು ಹೇಳಿ ಮಧ್ಯಾಹ್ನದ ಬಸ್ಸಿಗೇ ಶಹಾಪುರಕ್ಕೆ ಹೋದರು.

ಗುಡ್ಡಿ, ಆ ತಗಡು ತುಕ್ಕು ಹಿಡಿದು ಬಹಳ ತೆಳ್ಳಗಾಗಿತ್ತು. ಬಡಿದಿದ್ದರೆ ಹರಿದೇ ಹೋಗುತ್ತಿತ್ತು. ಹಾಗಾಗಿ ನೆಗ್ಗನ್ನು ಇದ್ದ ಹಾಗೇ ಬಿಡಬೇಕಾಯಿತು. ಹೈದರಾಬಾದಿನ ಪ್ರದರ್ಶನಕ್ಕೆ ಕಳಿಸುವ ದಿನ ಹತ್ತಿರ ಬಂದಿತ್ತು. ಎಡಮಗ್ಗುಲನ್ನು ಗೋಡೆಯ ಕಡೆ ಇಡಲು ಹೇಳೋಣವೆಂದುಕೊಂಡಿದ್ದೆ. ಗ್ಯಾಲರಿಯವರು ಅದನ್ನು ನಟ್ಟನಡುವೆ, ಸುತ್ತಲೂ ಜನ ತಿರುಗಾಡುವ ಹಾಗೆ ಇಟ್ಟರು. ಪತ್ರಿಕೆಯವರು ಎಡಗಡೆಯಿಂದಲೇ ಚಿತ್ರ ತೆಗೆದರು. ಸುದ್ದಿಯಲ್ಲಿ ಅಸದನ ಹೆಸರಿಲ್ಲದಿರುವುದು, ಗಾಡಿ ಗುಜರಿಯಲ್ಲಿ ಸಿಕ್ಕಿದ್ದೆಂದು ಬರೆದಿರುವುದು ನಿಮ್ಮ ಮನೆಯ ದುಃಖ ಬೀದಿಗೆ ಬೀಳದಿರಲಿ ಎಂದೇ.

ಚಾಚಿಗೆ ನೀನೇ ತಿಳಿಸಿ ಹೇಳು. ಅವರ ಎದುರು ನಿಲ್ಲುವ ಧೈರ್ಯ ನನಗಿಲ್ಲ.

ಮಗುವಿನ ಹಣೆಗೊಂದು ಮುತ್ತು.

ನಿನ್ನ ಮೌನಿಕಾ

*

ಕಕ್ಕೇರಾ
೧೮ ನವೆಂಬರ್

ಮೌನಿ,

ನಿನ್ನ ಕಾಗದ ಬಂತು. ಹರಿದುಹಾಕಲಿಲ್ಲ.

ನಾನು ಆ ಫೋಟೋ ನೋಡಿದ್ದು ಹೇಗೆಂದು ಹೇಳುತ್ತೇನೆ. ಮಗುವಿಗೆ ಹಾಲು ಕುಡಿಸುತ್ತಿದ್ದೆ. ನಮ್ಮವರು ಮೊಬೈಲು ಹಿಡಿದುಕೊಂಡು, "ನಿನ್ನ ಗೆಳತಿ ಪೇಪರಿನಾಗ ಬಂದಾಳ ನೋಡು" ಎನ್ನುತ್ತ ಖುಷಿಯಿಂದ ಬಂದರು. ನಿನ್ನ ಹೆಸರು ಓದುವುದಕ್ಕಿಂತ ಮೊದಲು ನನಗೆ ಆ ನೆಗ್ಗು ಕಂಡಿತು. ಅದು ಯಾವ ಗಾಡಿಯೆಂದು ಯಾರೂ ಹೇಳಬೇಕಾಗಲಿಲ್ಲ. ಅವತ್ತು ಪೊಲೀಸರು ಗಾಡಿಯನ್ನು ಎಳೆದು ತಂದು ನಿಲ್ಲಿಸಿದಾಗ ನಾನು ನೋಡಿದ್ದು ಅದೊಂದನ್ನೇ.

ತಗಡು ಹರಿಯುತ್ತಿತ್ತೆಂದು ಬರೆದಿರುವೆ. ಇರಬಹುದು, ನನಗೆ ಆ ಕೆಲಸ ಗೊತ್ತಿಲ್ಲ. ಆದರೆ ಹಾಗಿದ್ದರೆ ಅಮ್ಮಿಗೆ ಒಂದು ಫೋನು ಮಾಡಬಹುದಿತ್ತಲ್ಲ? ನಮ್ಮ ದುಃಖ ಬೀದಿಗೆ ಬೀಳಬಾರದೆಂದು ಹೆಸರು ಹೇಳಲಿಲ್ಲ ಎನ್ನುತ್ತೀ. ಹೆಸರನ್ನು ಮುಚ್ಚಿಟ್ಟು ಪೆಟ್ಟನ್ನು ತೋರಿಸಿದೆ. ಅಮ್ಮಿ ಕೇಳಿದ್ದು ಇದಕ್ಕೆ ಪೂರಾ ಉಲ್ಟಾ.

ನನಗೆ ನಿನ್ನ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ. ಅಮ್ಮಿ ಗಾಡಿ ಕೊಡಲು ಮೊದಲು ಒಪ್ಪಿರಲಿಲ್ಲ. "ಮೌನಿ ಒಯ್ಯಲಿ, ಆಕಿ ನಮ್ಮಾಕಿನೇ" ಎಂದು ಗಂಟುಬಿದ್ದವಳು ನಾನು. ತವರಿಗೆ ಹೋದಾಗಲೆಲ್ಲ ಆ ತಾಡಪತ್ರಿ ನೋಡಲಾಗುತ್ತಿರಲಿಲ್ಲ, ಹೇಗಾದರೂ ಕಣ್ಣಿನಿಂದ ಮರೆಯಾದರೆ ಸಾಕಾಗಿತ್ತು. ನಿನ್ನ ಹೆಸರಿನಲ್ಲಿ ಅದನ್ನು ಮನೆಯಿಂದ ಹೊರಗೆ ಹಾಕಿದೆ. ಈಗ ಅಮ್ಮಿ ನನ್ನನ್ನು ಒಂದು ಮಾತೂ ಅನ್ನುವುದಿಲ್ಲ, ಅದೇ ಕಷ್ಟ.

ಅವಳು ಅದನ್ನು ನೋಡಬೇಕಂತೆ. ಅಬ್ಬಾ ಬರಲೊಲ್ಲೆ ಎಂದಿದ್ದಾನೆ. ಕೈಗೂಸು ಬಿಟ್ಟು ನಾನು ಬರಲಾರೆ. ಬರುವ ರವಿವಾರ ಯಾದಗಿರಿ ಸ್ಟೇಷನ್ನಿಗೆ ಅವಳನ್ನು ನಮ್ಮವರು ಮುಟ್ಟಿಸುತ್ತಾರೆ, ನೀನು ಹೈದರಾಬಾದಿಗೆ ಕರೆದುಕೊಂಡು ಹೋಗು. ಎದುರು ನಿಲ್ಲುವ ಧೈರ್ಯವಿಲ್ಲ ಎಂದು ಬರೆದಿದ್ದೀ. ಧೈರ್ಯ ಇದ್ದರೂ ಇಲ್ಲದಿದ್ದರೂ ನಿಲ್ಲಬೇಕು.

ಗುಡ್ಡಿ

*

ಯಾದಗಿರಿ
೧೫ ಡಿಸೆಂಬರ್

ಗುಡ್ಡಿ,

ಹೈದರಾಬಾದಿನಲ್ಲಿ ಏನಾಯಿತೆಂದು ಚಾಚಿ ಹೇಳಲೊಲ್ಲರು ಎಂದು ಅತ್ತೆಯ ಹತ್ತಿರ ಹೇಳಿ ಕಳಿಸಿದ್ದೀ. ನಾನು ಹೇಳುತ್ತೇನೆ. ಅದಕ್ಕೂ ಮೊದಲು ಇನ್ನೊಂದು ಮಾತಿದೆ.

ತಗಡು ತೆಳ್ಳಗಾಗಿರಲಿಲ್ಲ. ಗಟ್ಟಿಯಾಗಿಯೇ ಇತ್ತು. ಹೋದ ಕಾಗದದಲ್ಲಿ ನಾನು ಬರೆದದ್ದು ಸುಳ್ಳು.

ಸಮ ಮಾಡಬೇಕೆಂದೇ ಸುತ್ತಿಗೆ ಹಿಡಿದಿದ್ದೆ, ಅದು ನಿಜ. ಬಲಮಗ್ಗುಲು ಅಷ್ಟರಲ್ಲಿ ಮುಗಿದಿತ್ತು. ಮೂತಿಯಿಂದ ಬಾಲದವರೆಗೆ ಗೆರೆ ನೀರಿನ ಹಾಗೆ ಹರಿಯುತ್ತಿತ್ತು, ಚೆನ್ನಾಗಿತ್ತು, ಅಂಥವನ್ನು ಮೊದಲೂ ಮಾಡಿದ್ದೆ. ಎಡಗಡೆ ಬಂದು ನಿಂತರೆ ಅದೇ ಗೆರೆ ಓಡುತ್ತ ಬಂದು ನೆಗ್ಗಿನೊಳಗೆ ಬೀಳುತ್ತಿತ್ತು, ತಡವರಿಸಿ ಎದ್ದು ಮತ್ತೆ ಬಾಲದ ಕಡೆ ಹೋಗುತ್ತಿತ್ತು. ನನ್ನ ಮೈ ಜುಂ ಎಂದಿತು. ಇಷ್ಟು ವರ್ಷ ಹುಡುಕುತ್ತಿದ್ದದ್ದು ಇದೇ ಎನಿಸಿತು. ಆ ಹೊತ್ತಿನಲ್ಲಿ ಅಸದ ನನ್ನ ನೆನಪಿಗೆ ಬರಲಿಲ್ಲ ಗುಡ್ಡಿ. ಚಾಚಿಯೂ ಬರಲಿಲ್ಲ. ಬಂದಿದ್ದರೆ ಬಡಿದುಬಿಡುತ್ತಿದ್ದೆನೋ ಏನೋ. ಗುಜರಿಯಲ್ಲಿ ಸಿಕ್ಕಿತೆಂದು ಹೇಳಿದ್ದು ಕೂಡ ನಿಮ್ಮ ದುಃಖಕ್ಕಾಗಿ ಅಲ್ಲ. ಗಾಡಿ ಯಾರದೆಂದು ಹೇಳಿದರೆ ಅವರ ಮನೆಯವರು ಒಪ್ಪಿದ್ದಾರೆಯೇ ಎಂದು ಮುಂದಿನ ಪ್ರಶ್ನೆ ಬರುತ್ತಿತ್ತು.

ರೈಲಿನಲ್ಲಿ ಚಾಚಿ ಗಾಡಿಯ ಮಾತೇ ಎತ್ತಲಿಲ್ಲ. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾಚಟ್ನಿ ನನ್ನ ಕಡೆ ಸರಿಸಿ, "ಉಣ್ಣು ಬೇಟಿ, ಮಾರಿ ಭಾಳ ಇಳಿದದ ನಿಂದು" ಎಂದರು. ಅವರು ಬೈದಿದ್ದರೆ ಉಂಡುಬಿಡುತ್ತಿದ್ದೆ.

ಗ್ಯಾಲರಿಯಲ್ಲಿ ಅವರು ಮೊದಲು ಬಲಗಡೆಗೆ ಹೋದರು. ತುದಿಯಿಂದ ತುದಿಯವರೆಗೆ ನಡೆದರು. ಆ ಹಸಿರು ಬಣ್ಣವನ್ನು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿದರು. ಅವರ ಮುಖ ಒಂದಿಷ್ಟು ಅರಳಿತ್ತು, ಅದನ್ನು ನಾನು ಕಂಡೆ. ಆಮೇಲೆ ಎಡಗಡೆಗೆ ಬಂದರು. ಅಲ್ಲೊಬ್ಬ ಹುಡುಗಿ ನೆಗ್ಗಿನೊಳಗೆ ಅಂಗೈ ಇಟ್ಟು ಗೆಳತಿಯಿಂದ ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಅಲ್ಲಿಗೆ ಬಂದವರೆಲ್ಲ ಹಾಗೇ ಮಾಡುತ್ತಿದ್ದರು.

ಚಾಚಿ ಹತ್ತಿರ ಹೋಗಿ ಮೆಲ್ಲಗೆ, "ಕೈ ತೆಗಿ ಬೇಟಿ, ಅಲ್ಲಿ ನನ್ನ ಮಗ ಅದಾನ" ಎಂದು ನಿಮ್ಮ ಮನೆಯ ಉರ್ದುವಿನಲ್ಲಿ ಹೇಳಿದರು.

ಹುಡುಗಿಗೆ ಏನು ತಿಳಿಯಿತೋ, ಕೈ ತೆಗೆದು ಸರಿದಳು. ಚಾಚಿ ತಿರುಗಿ ಆ ನೆಗ್ಗಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಬುರ್ಖಾದ ಅಂಚನ್ನು ಎರಡೂ ಕಡೆ ಅಗಲಿಸಿ ಹಿಡಿದು ಅದು ಪೂರ್ತಿ ಮುಚ್ಚುವ ಹಾಗೆ ನಿಂತರು. ಜನ ಬಂದರು, ನೋಡಿದರು, ಇದೂ ಶಿಲ್ಪದ ಒಂದು ಭಾಗವೇ ಇರಬೇಕೆಂದುಕೊಂಡು ಕೆಲವರು ಮೊಬೈಲು ತೆಗೆದರು. ಅವರು ಅಲ್ಲಾಡಲಿಲ್ಲ. ಗ್ಯಾಲರಿ ನೋಡಿಕೊಳ್ಳುವವನು ಓಡಿ ಬಂದು, ಈ ಹೆಂಗಸು ನಿಮ್ಮ ಜೊತೆ ಬಂದವರೇ ಎಂದು ನನ್ನನ್ನು ಕೇಳಿದ.

ಅವನ ಪಕ್ಕದಲ್ಲಿ ದೊಡ್ಡ ಹೋಟೆಲಿನವರೊಬ್ಬರು ನಿಂತಿದ್ದರು, ಶಿಲ್ಪವನ್ನು ತಮ್ಮ ಬಾಗಿಲ ಮುಂದೆ ನಿಲ್ಲಿಸಲು ಕೊಂಡುಕೊಳ್ಳಲಿದ್ದವರು. ಅವರನ್ನು ನೋಡುತ್ತ, ಚಾಚಿಯನ್ನು ನೋಡದೆ ಸುಮ್ಮನೆ ನಿಂತೆ. ಅವನು ಮತ್ತೆ ಕೇಳಿದ. ಆಗ ಚಾಚಿಯೇ ಹೇಳಿದರು, "ಹೌದ್ರಿ, ಇಕಿ ಕರ್ಕೊಂಡು ಬಂದಾಳ. ನಮ್ಮ ಮನಿ ಹುಡುಗಿ. ಕೆಲಸ ಭಾಳ ಛಲೋ ಮಾಡ್ತಾಳ. ಇಕಿಗೇನೂ ಅನಬ್ಯಾಡ್ರಿ."

ನನ್ನ ಮಾನ ಉಳಿಸಲು ಹಾಗೆಂದರು ಗುಡ್ಡಿ, ಬೆನ್ನಿನಿಂದ ಆ ಪೆಟ್ಟನ್ನು ಮುಚ್ಚಿಕೊಂಡೇ.

ಆಮೇಲೆ ನಾನು ಬಾಯಿಬಿಟ್ಟೆ. ಇದು ಗುಜರಿಯದಲ್ಲ, ಇವರ ಮಗ ಅಸದನ ಗಾಡಿ, ಪೆಟ್ಟು ಕಾಣಿಸುವುದಿಲ್ಲವೆಂದು ಮಾತು ಕೊಟ್ಟು ತಂದದ್ದು, ನಾನು ಸುಳ್ಳು ಹೇಳಿದೆ ಎಂದೆ. ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆನೆಂದು ಬರೆಯುವ ಆಸೆ ಇದೆ. ಇಬ್ಬರಿಗೆ ಕೇಳಿಸುವಷ್ಟು ಹೇಳಿದೆ. ಶಿಲ್ಪವನ್ನು ವಾಪಸು ಒಯ್ಯುತ್ತೇನೆ ಎಂದಾಗ ಹೋಟೆಲಿನವರು ನಕ್ಕರು, ಈಗ ಈ ಕಥೆಯೂ ಸೇರಿದರೆ ಇದಕ್ಕೆ ಇನ್ನೂ ತೂಕ ಬಂತಲ್ಲ ಎಂದರು. ಅವರ ಆ ಮಾತು ನನಗೆ ತಿಳಿಯಿತು, ಯಾಕೆಂದರೆ ನೆಗ್ಗನ್ನು ಬಡಿಯದೆ ಸುತ್ತಿಗೆ ಕೆಳಗಿಟ್ಟ ದಿನ ನಾನೂ ಅವರಂತೆಯೇ ಯೋಚಿಸಿದ್ದೆ.

ಈ ತಿಂಗಳ ಮೊದಲಲ್ಲೇ ಅದು ಲಾರಿಯಲ್ಲಿ ಬಂತು. ಚಾಚಾ ಚಾಚಿ ಇಬ್ಬರೂ ನನ್ನ ಶೆಡ್ಡಿಗೆ ಬಂದರು. ಚಾಚಾ ಈ ಸಲ ಎದ್ದು ಹೋಗಲಿಲ್ಲ. ಶಿಲ್ಪದ ಒಳಗೆ ತೂರಿಕೊಂಡು ಕಬ್ಬಿಣದ ಗುಂಡನ್ನು ತಗಡಿಗೆ ಒತ್ತಿ ಹಿಡಿದರು, ನಾನು ಹೊರಗಿನಿಂದ ನೆಗ್ಗಿನ ಅಂಚುಗಳನ್ನು ಬಡಿದೆ. ಒಳಗೆ ಅವರು ಅಳುತ್ತಿದ್ದರೋ ಉಸಿರು ಬಿಗಿಹಿಡಿದಿದ್ದರೋ ತಿಳಿಯಲಿಲ್ಲ. "ಹೊಡಿ", "ಇನ್ನೊಂದ್ ಹೊಡಿ" ಎಂದಷ್ಟೇ ಕೇಳುತ್ತಿತ್ತು. ಚಾಚಿ ಹೊರಸಿನ ಮೇಲೆ ಕುಳಿತು ಕಣ್ಣು ತೆಗೆಯದೆ ನೋಡಿದರು. ನೆಗ್ಗು ಸ್ವಲ್ಪ ಸ್ವಲ್ಪವೇ ಮೇಲೆದ್ದು ಬಂತು. ಹರಿಯಲಿಲ್ಲ. ಬಣ್ಣ ಹೊಡೆದ ಮೇಲೆ ಚಾಚಿ ಎದ್ದು ಬಂದು ಎಡಮಗ್ಗುಲನ್ನು ಅಂಗೈಯಿಂದ ಸವರಿದರು.

"ಈಗ ಓಡ್ತದ" ಎಂದರು.

ಈಗ ಅದು ನಿಮ್ಮ ಗ್ಯಾರೇಜಿನ ಮುಂದೆ ನಿಂತಿದೆ. ಮುಂದೆ ಅಸದನ ಹೆಸರನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದಿದ್ದೇನೆ. ಶಾಲೆ ಬಿಟ್ಟ ಮಕ್ಕಳು ಅದರ ಮೇಲೆ ಹತ್ತಿ ಕೂಡುತ್ತಾರೆ, ಚಾಚಿ ಬೈಯುವುದಿಲ್ಲ. ನಿನ್ನ ಹತ್ತಿರ ಮುಚ್ಚಿಡುವುದಿಲ್ಲ, ಶಿಲ್ಪವಾಗಿ ಅದು ಕೆಟ್ಟಿತು. ಸುತ್ತಿಗೆಯ ಗುರುತುಗಳು ಬಿಸಿಲಲ್ಲಿ ಕಾಣುತ್ತವೆ, ಗೆರೆ ಎಲ್ಲೂ ಬೀಳದೆ ಸುಮ್ಮನೆ ಹೋಗುತ್ತದೆ. ಶಹಾಪುರಕ್ಕೆ ಹೋಗಿ ಅದರ ಮುಂದೆ ಹಾದುಹೋಗುವಾಗ ನನಗೆ ಸಮಾಧಾನವೂ ಆಗುತ್ತದೆ, ಆ ನೆಗ್ಗು ಇರಬೇಕಿತ್ತೆಂದೂ ಅನಿಸುತ್ತದೆ. ಎರಡನೆಯದಕ್ಕೆ ನಾಚಿಕೆಪಡುತ್ತೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಒಮ್ಮೆ ಫೋನು ಎತ್ತು, ಮಗುವಿನ ಅಳು ಕೇಳಿಸಿದರೂ ಸಾಕು.

ನಿನ್ನವಳು ಎನ್ನಲು ನೀನು ಬಿಟ್ಟರೆ, ನಿನ್ನ
ಮೌನಿ

ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಚಾಚಾ ಬರುವ ಹಿಂದಿನ ದಿನ ಆ ನೆಗ್ಗಿಗೆ ಪ್ಲಾಸ್ಟರು ಮೆತ್ತಿ ಅಚ್ಚು ತೆಗೆದಿಟ್ಟುಕೊಂಡೆ, ಬೇಕೆಂದಾಗ ಅದೇ ಪೆಟ್ಟನ್ನು ಬೇರೆ ತಗಡಿನಲ್ಲಿ ಮತ್ತೆ ಮೂಡಿಸಲು. ಚಾಚಿ ಕುಳಿತಿದ್ದ ಹೊರಸಿನ ಹಿಂದೆಯೇ, ಗೋಣಿಚೀಲದ ಕೆಳಗೆ, ಅದು ಇತ್ತು. ಈಗಲೂ ಅಲ್ಲೇ ಇದೆ. ಒಡೆಯಲು ಸುತ್ತಿಗೆ ಎತ್ತಿದ್ದೇನೆ, ಇಳಿಸಿದ್ದೇನೆ. ಶೆಡ್ಡಿನ ಇನ್ನೊಂದು ಕೀಲಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಮಗುವನ್ನು ಎತ್ತಿಕೊಂಡು ಓಡಾಡುವಂತಾದಾಗ ಬಾ. ನಾನು ಇಲ್ಲದ ದಿನ ನೋಡಿ ಬಂದು ಒಡೆ. ಇದ್ದರೆ ತಡೆದುಬಿಟ್ಟೇನು.