ಬ್ಯಾಟು ಹಿಡಿದು ಓಡಿದವರು

ಕಿಂಗ್ಸ್‌ಬರಿ, ಲಂಡನ್
೧೪ ಜುಲೈ ೨೦೨೫

ಪ್ರೀತಿಯ ಅವ್ವಾ,

ಮೊದಲ ಸುದ್ದಿ, ಆಮ್ಯಾಲೆ ಕ್ಷೇಮಸಮಾಚಾರ: ಗೆದ್ದಿವಿ!

ನಾನು ನರ್ಸ್ ಆಗಿರೋ ವೃದ್ಧಾಶ್ರಮದಾಗ ತೊಂಬತ್ಮೂರು ವರ್ಷದ ಡೊರೊತಿ ಅದಾರ ಅಂತ ಹೇಳಿದ್ದೆನಲ್ಲಾ? ಅವರ ಅಜ್ಜ ಆರ್ಥರ್ ಪೆಲ್ ಇಲ್ಲೇ ಬಾಜೂಕಿನ ವೆಂಬ್ಲಿಯಾಗ ಕ್ರಿಕೆಟ್ ಆಡಿ ಬೆಳೆದಾಂವ. ೧೯೦೭ರಾಗ ಹಡಗ ಹತ್ತಿ ಅಮೆರಿಕಾಕ್ಕ ಹೋಗಿ, ಆರು ವರ್ಷ ಸಂಬಳ ತಗೊಂಡು ಬೇಸ್‌ಬಾಲ್ ಆಡಿದ. ಮೊಣಕಾಲು ಮುರಿದ ಮ್ಯಾಲೆ ವಾಪಸ್ ಬಂದು ಹಾಲು ಮಾರಿದ. ಅಮೆರಿಕಾದಾಗ ಆಡಿದ್ದೆ ಅಂದ್ರ, ಹಾಲು ಮಾರಾಂವ ಬಿಡೋ ಬುರುಡಿ ಅಂತ ಮಂದಿ ನಕ್ಕರಂತ.

ಈಗ ಇಲ್ಲಿಯ ಒಂದು ಬೇಸ್‌ಬಾಲ್ ಕ್ಲಬ್ಬಿನವರು ಈ ಕಡೆಯ ಹಳೇ ಆಟಗಾರರ ಹೆಸರಿನ ಫಲಕ ಹಾಕೋರಿದ್ರು. ಕಣ್ಣು ಮುಚ್ಚೋದರೊಳಗ ಅಜ್ಜನ ಹೆಸರು ಅದರಾಗ ನೋಡಬೇಕು ಅಂತ ಡೊರೊತಿಗೆ ಒಂದ ಹಂಬಲ. ಅವರ ಹತ್ರ ಇದ್ದದ್ದು ಅಮೆರಿಕದ ಹಳೇ ಪೇಪರಿನ ಒಂದು ತುಂಡು. ಅದರ ಫೋಟೋದಾಗ ಒಬ್ಬ ಆಟಗಾರ ಓಡಾಕತ್ತಿದ್ದ, ಮುಖ ಟೊಪ್ಪಿಗಿ ನೆರಳಿನಾಗ ಮುಚ್ಚಿತ್ತು, ಕೆಳಗ ಪೆಲ್ ಅಂತ ಅಷ್ಟ. ಅಮೆರಿಕಾದಾಗ ಪೆಲ್ ಅನ್ನೋರು ಎಷ್ಟು ಮಂದಿ ಇಲ್ಲ, ಇಂವನೇ ಅಂತ ಹೆಂಗ ನಂಬೋದು ಅಂತ ಕ್ಲಬ್ಬಿನ ಹಿರಿಯರು ಕೈಚೆಲ್ಲಿದರು. ಡೊರೊತಿ ಎರಡು ದಿನ ಊಟ ಬಿಟ್ಟರು. ನನಗ ಸಿಟ್ಟು ನೆತ್ತಿಗೇರಿತು.

ಹೋದ ತಿಂಗಳು ಆ ತುಂಡು ತಗೊಂಡು ನಾನೇ ಕ್ಲಬ್ಬಿಗೆ ಹೋದೆ. ಮುಖ ಬಿಡ್ರಿ, ಕೈ ನೋಡ್ರಿ ಅಂದೆ. ಬೇಸ್‌ಬಾಲಿನಾಗ ಚೆಂಡು ಹೊಡೆದ ಕೂಡಲೇ ಬ್ಯಾಟು ಬಿಸಾಕಿ ಓಡ್ತಾರ. ಇಂವ ಬ್ಯಾಟು ಹಿಡ್ಕೊಂಡ ಓಡ್ಯಾನ, ಅದೂ ಸಾಲದಂತ ಅದರ ತುದಿ ಮುಂದ ನೆಲಕ್ಕ ಚಾಚ್ಯಾನ. ಅಮೆರಿಕಾದಾಗ ಹುಟ್ಟಿದ ಪೆಲ್ ಸತ್ತರೂ ಹಂಗ ಮಾಡಂಗಿಲ್ಲ. ಅದು ಕ್ರಿಕೆಟ್ ಆಡಿದ ಕೈ, ರನ್ ಓಡುವಾಗ ಬ್ಯಾಟಿನಿಂದ ಗೆರಿ ಮುಟ್ಟೋ ಚಟ! ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮ್ಯಾಲೆ ಒಬ್ಬಾತ ನಗ್ತಾ ತಲಿ ಚಚ್ಚಿಕೊಂಡ. ನಿನಗ ಹೆಂಗ ತಿಳೀತು ಅಂತ ಕೇಳಿದರು. ಹೆಂಗೋ ತಿಳೀತು ಅಂದೆ.

ನಿನ್ನೆ ಡೊರೊತಿ ಫಲಕದ ಮ್ಯಾಲಿನ ಹೆಸರು ಬೆರಳಿನಿಂದ ಮುಟ್ಟಿ ಮುಟ್ಟಿ ಓದಿದರು. ನನ್ನ ತೋಳು ಹಿಡಿದು ಗಾಲಿಕುರ್ಚಿಯಿಂದ ಎದ್ದು ನಿಂತು ಸಿಳ್ಳಿ ಹೊಡೆದರವ್ವಾ! ನಾನಂತೂ ಅಳಕೋತನ ನಕ್ಕೆ. ನನಗ ಇಷ್ಟು ಖುಷಿ ಆಗಿ ಎಷ್ಟು ವರ್ಷ ಆಗಿತ್ತೋ.

ನಾನು ಆರಾಮ ಅದೀನಿ. ನಿನ್ನ ಬಿಪಿ ಗುಳಿಗಿ ತಪ್ಪಿಸಬ್ಯಾಡ.

ನಿನ್ನ ಹಟಮಾರಿ ಮಗಳು,
ನೀಲಾಂಬಿಕಾ

ತಾ.ಕ.: ಭಾನುವಾರ ಭಜನಿಗೆ ಹೋಗ್ತೀನಿ, ಫೋನ್ ಮಾಡಬ್ಯಾಡ ಅಂತಿದ್ದೆನಲ್ಲಾ, ಅದು ಸುಳ್ಳು. ಎರಡು ವರ್ಷದಿಂದ ಈಸ್ಟ್ ಹ್ಯಾಮ್ ಕಡೆ ಹೆಂಗಸರ ತಂಡದಾಗ ಬೇಸ್‌ಬಾಲ್ ಆಡ್ತೀನಿ, ಈ ನಲವತ್ತೆಂಟರ ವಯಸ್ಸಿನಾಗ. ಮೊದಲ ದಿನ ನಾನೂ ಬ್ಯಾಟು ಹಿಡ್ಕೊಂಡ ಓಡಿ ಗೆರಿ ಮುಟ್ಟಾಕ ಹೋಗಿದ್ದೆ, ಎಲ್ಲಾರೂ ಬಿದ್ದು ಬಿದ್ದು ನಕ್ಕಿದ್ರು. ನನ್ನ ಮದುವಿ ಗೊತ್ತಾದ ದಿನ ನೀನು ನನ್ನ ಕ್ರಿಕೆಟ್ ಬ್ಯಾಟು ಒಲಿಗೆ ಹಾಕಿದಿ. ಚಟ ಮಾತ್ರ ಕೈಯಾಗ ಉಳೀತವ್ವಾ.